ಜೆಫರ್ಸನ್‌ನ ಕರಡು ಮಂಡ್ಯದ ತರಗತಿಯಲ್ಲಿ: ಲೈಬ್ರರಿ ಆಫ್ ಕಾಂಗ್ರೆಸ್‌ನ ಬೋಧನಾ ಸಾಮಗ್ರಿ

ಮಂಡ್ಯದಲ್ಲಿ ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳಿಗೆ ಅಮೆರಿಕದ ಇತಿಹಾಸವನ್ನು ಬೋಧಿಸುವ ನನಗೆ, ನೋಟ್ಸು ಮತ್ತು ಗೈಡುಗಳನ್ನು ಬಿಟ್ಟರೆ ತರಗತಿಗೆ ಒಯ್ಯಬಹುದಾದ ಸಾಮಗ್ರಿ ಹೆಚ್ಚೇನೂ ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಜಾಲತಾಣದಲ್ಲಿ ಶಿಕ್ಷಕರಿಗೆಂದೇ ಉಚಿತವಾಗಿ ಒದಗಿಸಿರುವ ಮೂಲ ದಾಖಲೆಗಳು ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿವೆ.

1776ರ ಸ್ವಾತಂತ್ರ್ಯ ಘೋಷಣೆಗಾಗಿ ಥಾಮಸ್ ಜೆಫರ್ಸನ್ ಬರೆದ ನಾಲ್ಕು ಪುಟಗಳ ಕರಡು ಈ ಸಂಗ್ರಹದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವ ದಾಖಲೆ. ಕರಡು ಸಮಿತಿಯಲ್ಲಿ ಅವನ ಜೊತೆಗಿದ್ದ ಜಾನ್ ಆಡಮ್ಸ್ ಮತ್ತು ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ತಿದ್ದುಪಡಿಗಳು, ಹೊಡೆದುಹಾಕಿದ ಮಾತುಗಳು, ಸಾಲುಗಳ ನಡುವೆ ಸೇರಿಸಿದ ಪದಗಳು ಅದರಲ್ಲಿ ಹಾಗೆಯೇ ಕಾಣುತ್ತವೆ. ಗುಲಾಮರ ವ್ಯಾಪಾರಕ್ಕೆ ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯನ್ನು ಹೊಣೆಯಾಗಿಸಿ ಜೆಫರ್ಸನ್ ಬರೆದಿದ್ದ ಭಾಗವನ್ನು ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಕೈಬಿಟ್ಟಿತು. ಗುಲಾಮರ ಆಮದನ್ನು ಮುಂದುವರಿಸಬಯಸಿದ್ದ ದಕ್ಷಿಣ ಕೆರೊಲಿನಾ ಮತ್ತು ಜಾರ್ಜಿಯಾಗಳ ಮನಸ್ಸು ನೋಯದಿರಲೆಂದು ಹೀಗಾಯಿತೆಂದು ಅವನೇ ಮುಂದೆ ತನ್ನ ಆತ್ಮಕಥನದಲ್ಲಿ ಹೇಳಿದ್ದಾನೆ. ಇದನ್ನು ಬರೆದವನು ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನೆಂದು ತಿಳಿಸಿದಾಗ, ಆ ಭಾಗ ಉಳಿದಿದ್ದರೆ ಘೋಷಣೆ ಹೆಚ್ಚು ಪ್ರಾಮಾಣಿಕವಾಗುತ್ತಿತ್ತೇ ಅಥವಾ ಇನ್ನೂ ದೊಡ್ಡ ಸುಳ್ಳಾಗುತ್ತಿತ್ತೇ ಎಂದು ಮಳವಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಅಚ್ಚಾದ ಘೋಷಣೆಯನ್ನಷ್ಟೇ ಓದಿಸುತ್ತಿದ್ದ ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ದಾಖಲೆಗಳ ಜೊತೆಗೆ ಒಂದು ವಿಶ್ಲೇಷಣಾ ಹಾಳೆಯೂ ದೊರೆಯುತ್ತದೆ. ಕಂಡದ್ದು, ಅದರಿಂದ ಊಹಿಸಿದ್ದು, ಇನ್ನೂ ಕೇಳಬೇಕಾದದ್ದು ಎಂಬ ಮೂರು ಅಂಕಣಗಳು ಅದರಲ್ಲಿವೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುವವರು ಮೊದಲ ಅಂಕಣವನ್ನು ದಾಟಿ ನೇರವಾಗಿ ಎರಡನೆಯದಕ್ಕೆ ಹೋಗಿಬಿಡುತ್ತಾರಾದ್ದರಿಂದ ಮೊದಲ ಅಂಕಣಕ್ಕೆ ಸಾಕಷ್ಟು ಸಮಯ ಕೊಡುವುದು ಅಗತ್ಯ.

1936ರಿಂದ 1938ರವರೆಗೆ, ಅಂದರೆ ನಮ್ಮ ಶಿವಪುರದ ಧ್ವಜ ಸತ್ಯಾಗ್ರಹ ನಡೆದ ವರ್ಷದವರೆಗೆ, ಹಿಂದೆ ಗುಲಾಮರಾಗಿದ್ದವರಿಂದ ಸಂಗ್ರಹಿಸಿದ 2,300ಕ್ಕೂ ಹೆಚ್ಚು ಹೇಳಿಕೆಗಳೂ ಇಲ್ಲಿವೆ. ಕೇಳಿ ಬರೆದುಕೊಂಡವರಲ್ಲಿ ಹೆಚ್ಚಿನವರು ಬಿಳಿಯರಾಗಿದ್ದು, ಹೇಳಿದವರ ಉಚ್ಚಾರಣೆಯನ್ನು ತಮಗೆ ತೋಚಿದಂತೆ ಅಕ್ಷರಕ್ಕಿಳಿಸಿದ್ದಾರೆ. ಆದ್ದರಿಂದ ಇವು ನಮ್ಮ ವಿದ್ಯಾರ್ಥಿಗಳಿಗೆ ನೇರ ಓದಿಗೆ ದಕ್ಕುವುದಿಲ್ಲ. ಒಬ್ಬ ವೃದ್ಧೆಯ ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿ, ಬಿಳಿಯನೊಬ್ಬನ ಎದುರು ಕುಳಿತ ಆ ವೃದ್ಧೆ ಯಾವುದನ್ನು ಹೇಳದೆ ಉಳಿಸಿಕೊಂಡಿರಬಹುದು ಎಂದು ಕೇಳಿದರೆ ಚರ್ಚೆ ತಾನಾಗಿ ಬೆಳೆಯುತ್ತದೆ.

ಕೂಡಿಸಿ ಬರೆದ ಹಳೆಯ ಕೈಬರಹ ಓದಲು ಕಷ್ಟವಾದರೂ ಮುಖ್ಯ ದಾಖಲೆಗಳ ಅಚ್ಚಿನ ಪಠ್ಯ ಸಿಗುತ್ತದೆ. ಕನ್ನಡದ ಸಾರಾಂಶವನ್ನು ಮಾತ್ರ ಶಿಕ್ಷಕರೇ ಸಿದ್ಧಪಡಿಸಬೇಕು, ಆ ಶ್ರಮ ಸಣ್ಣದಲ್ಲ. ಅದಕ್ಕೆ ಸಿದ್ಧರಿರುವ ಪಿಯು ಮತ್ತು ಪದವಿ ಅಧ್ಯಾಪಕರಿಗೆ ಈ ಸೇವೆಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಇಡೀ ಸಂಗ್ರಹದಲ್ಲಿ ಹುಡುಕಹೊರಟರೆ ದಿನಗಳೇ ಸಾಲವು. ಶಿಕ್ಷಕರಿಗಾಗಿ ವಿಷಯವಾರು ಜೋಡಿಸಿಟ್ಟ ಕಟ್ಟುಗಳಿಂದ ಆರಂಭಿಸಿ, ಒಂದು ತರಗತಿಗೆ ಒಂದೇ ದಾಖಲೆಯನ್ನು ಆರಿಸಿಕೊಂಡು, ಇಬ್ಬರಿಗೆ ಒಂದರಂತೆ ಜೆರಾಕ್ಸ್ ಪ್ರತಿ ಹಂಚುವುದು ಒಳ್ಳೆಯದು.