ಜನೌಷಧಿ ಮಾತ್ರೆ: ಯಾವುದನ್ನು ಧೈರ್ಯವಾಗಿ ಕೊಳ್ಳಬಹುದು, ಎಲ್ಲಿ ತಡೆಯಬೇಕು

ಮಂಗಳೂರು, ಉಡುಪಿಯಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್‌ಗೆ ದಿನಾ ಮಾತ್ರೆ ನುಂಗುವವರು, ಬ್ರಾಂಡ್ ಹೆಸರಿಲ್ಲದ ಮದ್ದು ಮಾರುವ ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರಕ್ಕೆ ಧೈರ್ಯವಾಗಿ ಹೋಗಬಹುದು. ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಅಮ್ಲೋಡಿಪಿನ್, ಅಟೋರ್ವಾಸ್ಟಾಟಿನ್ ಈ ನಾಲ್ಕಕ್ಕೆ ಬ್ರಾಂಡಿನ ಹೆಸರಿಗೆಂದು ದುಡ್ಡು ಸುರಿಯಬೇಕಾಗಿಲ್ಲ. ಬ್ರಾಂಡಿಗಿಂತ ಬೆಲೆ ಶೇ. 50ರಿಂದ 90ರಷ್ಟು ಕಡಿಮೆ. ಗುಣಮಟ್ಟಕ್ಕೆ ಒಳ್ಳೆಯ ಅಂಕ ಕೊಡುತ್ತೇವೆ. ಸ್ಟಾಕಿನ ವಿಷಯದಲ್ಲಿ ಅಂಕ ಕಳೆಯಲೇಬೇಕು.

ಇಷ್ಟು ಅಗ್ಗವಾದರೆ ಒಳಗೆ ಮದ್ದೇ ಇರಲಿಕ್ಕಿಲ್ಲ ಎಂಬ ಸಂಶಯ ನಮ್ಮ ಕರಾವಳಿಯಲ್ಲಿ ಇನ್ನೂ ಉಂಟು. ಕೇಂದ್ರಗಳಿಗೆ ಬರುವ ಮಾಲು ಡಬ್ಲ್ಯುಎಚ್‌ಒ-ಜಿಎಂಪಿ (ವಿಶ್ವ ಆರೋಗ್ಯ ಸಂಸ್ಥೆಯ ತಯಾರಿಕಾ ನಿಯಮ) ಪ್ರಮಾಣಪತ್ರ ಇರುವ ಕಾರ್ಖಾನೆಗಳದ್ದು. ಬ್ಯಾಚುಗಳನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಪರೀಕ್ಷಿಸುತ್ತಾರೆ. ಡಾಕ್ಟರ ಬಾಗಿಲಿಗೆ ಪ್ರಚಾರದ ರೆಪ್‌ಗಳನ್ನು ಕಳಿಸುವ ಖರ್ಚು ಇಲ್ಲ. ಉಳಿದದ್ದು ಪೈಪೋಟಿಯ ಕೆಲಸ. ಪೇಟೆಂಟ್ ಮುಗಿದ ಮೇಲೆ ಎಷ್ಟು ಕಂಪನಿಗಳು ಅದೇ ಮದ್ದು ಮಾಡುತ್ತವೆ ಎನ್ನುವುದೇ ಬೆಲೆಯನ್ನು ಇಳಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಕೊಟ್ಟ ಲೆಕ್ಕದಂತೆ ಒಂದೇ ಜನೆರಿಕ್ (ಅದೇ ಮದ್ದನ್ನು ಬೇರೆ ಕಂಪನಿ ಮಾಡಿದ್ದು) ಬಂದರೆ ಶೇ. 39, ಎರಡಾದರೆ 54, ನಾಲ್ಕಾದರೆ 79, ಆರು ಅಥವಾ ಹೆಚ್ಚಾದರೆ 95ಕ್ಕೂ ಮಿಕ್ಕಿ ಬೆಲೆ ಬೀಳುತ್ತದೆ. ನಮ್ಮಲ್ಲಿ 2025ರ ಮಾರ್ಚ್‌ನಲ್ಲಿ ಶುಗರಿನ ಮದ್ದು ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದದ್ದೇ ತಡ, ಸುಮಾರು 60 ರೂಪಾಯಿಯ ಮಾತ್ರೆಗೆ ಎದುರಾಗಿ 10 ರೂಪಾಯಿಯೊಳಗಿನವು ಬಂದವು.

ಸ್ಟಾಕ್ ಖಾಲಿಯಾಗುವುದೂ ಬೆಲೆಯ ಈ ಪೈಪೋಟಿಯಿಂದಲೇ. ಖರೀದಿ ನಡೆಯುವುದು ಟೆಂಡರಿನಲ್ಲಿ, ಕಡಿಮೆ ದರ ಹಾಕಿದವರಿಗೆ. ಅವರ ಮಾಲು ತಡವಾದರೆ ಕಂಕನಾಡಿಯಲ್ಲೂ ಇಲ್ಲ, ಮಣಿಪಾಲದಲ್ಲೂ ಇಲ್ಲ. ಜಗತ್ತಿನ ದೊಡ್ಡ ಮಾರುಕಟ್ಟೆಗೂ ಈ ಕಷ್ಟ ತಪ್ಪಿಲ್ಲ: 2022ರ ಕೊನೆಗೆ ಎಫ್‌ಡಿಎ ತಪಾಸಣೆಯ ನಂತರ ಗುಜರಾತಿನಲ್ಲಿ ಇಂಟಾಸ್ ಕಂಪನಿಯ ಒಂದು ಘಟಕ ಕೆಲಸ ನಿಲ್ಲಿಸಿತು, 2023ರಲ್ಲಿ ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳು ಸಿಸ್‌ಪ್ಲಾಟಿನ್‌ಗಾಗಿ ಪರದಾಡಿದವು. ಹಾಗಾಗಿ ಮನೆಯಲ್ಲಿ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಅಂಗಡಿಗೆ ಹೋಗಿ. ಹತ್ತಿರದ ಕೇಂದ್ರ ಎಲ್ಲಿದೆ, ಮದ್ದಿನ ದರ ಎಷ್ಟು ಎಂದು ಜನೌಷಧಿ ಸುಗಮ್ ಆ್ಯಪಿನಲ್ಲಿ ನೋಡಬಹುದು.

ಕೌಂಟರಿನಲ್ಲಿ ಎಡವುವುದು ಚೀಟಿಯಿಂದ. ಡಾಕ್ಟರು ಬ್ರಾಂಡ್ ಬರೆದಿದ್ದರೆ, ಷೆಡ್ಯೂಲ್ ಎಚ್ (ಚೀಟಿ ಇಲ್ಲದೆ ಮಾರಬಾರದ) ಮದ್ದಿಗೆ ಬದಲಿ ಕೊಡುವ ಅಧಿಕಾರ ಕಾನೂನಿನಲ್ಲಿ ಫಾರ್ಮಸಿಸ್ಟರಿಗೆ ಇಲ್ಲ. "ಡಾಕ್ಟ್ರೇ, ಮದ್ದಿನ ಹೆಸರನ್ನೇ ಬರೆದುಕೊಡಿ" ಎಂದು ಕೇಳುವುದು ರೋಗಿಯ ಕೆಲಸ. ಸ್ಟ್ರಿಪ್ ಕೈಗೆ ಬಂದ ಮೇಲೆ ಹೆಸರು, ಮಿ.ಗ್ರಾಂ. ಮತ್ತು ಹೆಸರಿನ ಕೊನೆಗೆ ಬರುವ ಅಕ್ಷರ, ಮೂರನ್ನೂ ಚೀಟಿಗೆ ತಾಳೆ ನೋಡಿ. ಮೆಟ್‌ಫಾರ್ಮಿನ್ 500 ಬೇರೆ, 500 ಎಸ್‌ಆರ್ ಬೇರೆ. ಎಸ್‌ಆರ್ ನಿಧಾನಕ್ಕೆ ಬಿಡುಗಡೆಯಾಗುವಂಥದ್ದು, ಪುಡಿಮಾಡಿ ನುಂಗಬಾರದು. ಟೆಲ್ಮಿಸಾರ್ಟನ್ ಕೊನೆಗೆ ಎಚ್ ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಇನ್ನೊಂದು ಮದ್ದೂ ಸೇರಿದೆ.

ತಡೆಯಬೇಕಾದ ಕೆಲವು ಮದ್ದುಗಳೂ ಇವೆ. ಥೈರಾಯ್ಡಿನ ಲಿವೋಥೈರಾಕ್ಸಿನ್, ಫಿಟ್ಸಿನ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಕಿಡ್ನಿ ಕಸಿಯಾದವರ ಟ್ಯಾಕ್ರೋಲಿಮಸ್: ರಕ್ತದಲ್ಲಿ ಇವುಗಳ ಪ್ರಮಾಣ ಸ್ವಲ್ಪ ಏರುಪೇರಾದರೂ ಪರಿಣಾಮ ಕಾಣುತ್ತದೆ. ಸಾಮಾನ್ಯ ಜನೆರಿಕ್ ರಕ್ತಕ್ಕೆ ಸೇರುವ ಪ್ರಮಾಣಕ್ಕೆ ಮೂಲ ಮದ್ದಿನೊಂದಿಗೆ ಹೋಲಿಕೆಯ ಮಿತಿ ಶೇ. 80ರಿಂದ 125. ಇಂಥವಕ್ಕೆ ಯುರೋಪಿನಲ್ಲಿ ಅದನ್ನು 90ರಿಂದ 111ಕ್ಕೆ ಬಿಗಿ ಮಾಡಿದ್ದಾರೆ. ಡಾಕ್ಟರನ್ನು ಕೇಳದೆ ಕಂಪನಿ ಬದಲಿಸಬೇಡಿ. ಲಿವೋಥೈರಾಕ್ಸಿನ್ ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ನೋಡಿಸಲೇಬೇಕು.

ಕೊನೆಗೆ, ನಮ್ಮ ಮಳೆ. ಅಮೆರಿಕಕ್ಕೆ ಹೋಗುವ ಮಾತ್ರೆಯ ಬಾಳಿಕೆಯನ್ನು 25 ಡಿಗ್ರಿ, ಶೇ. 60 ತೇವಾಂಶದಲ್ಲಿ ಪರೀಕ್ಷಿಸಿದರೆ ಸಾಕು; ಬ್ರೆಜಿಲ್‌ಗೆ 30 ಡಿಗ್ರಿ, ಶೇ. 75 ಬೇಕು. ರಫ್ತು ಮಾಡುವ ಕಂಪನಿ ಒಂದೇ ಮಾತ್ರೆಗೆ ಎರಡು ಬಗೆಯ ಪ್ಯಾಕಿಂಗ್ ಮಾಡುವುದು ಇಂಥ ಕಾರಣಕ್ಕೂ ಹೌದು. ಆಟಿ ತಿಂಗಳಲ್ಲಿ ಮಂಗಳೂರಿನ ಗಾಳಿ ಆ 75ನ್ನೂ ಮೀರುತ್ತದೆ. ಒಂದೇ ಮದ್ದು ಎರಡು ಬಗೆಯಲ್ಲಿ ಸಿಕ್ಕರೆ, ಎರಡೂ ಬದಿ ಅಲ್ಯೂಮಿನಿಯಂ ಇರುವ ಸ್ಟ್ರಿಪ್ಪನ್ನೇ ಆರಿಸಿ. ಫಿಟ್ಸಿಗೆ ಕೊಡುವ ಸೋಡಿಯಂ ವಾಲ್‌ಪ್ರೊಯೇಟ್ ಅಂತೂ ನೀರು ಹೀರಿ ಅಂಟಂಟಾಗುತ್ತದೆ. ನುಂಗುವ ಹೊತ್ತಿಗೇ ಸ್ಟ್ರಿಪ್ಪಿನಿಂದ ತೆಗೆಯಬೇಕು, ವಾರದ ಡಬ್ಬಿಗೆ ತುಂಬಿಡಬಾರದು. ಆಸ್ಪಿರಿನ್ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಹೊಡೆದರೆ ಅದು ತೇವಕ್ಕೆ ಕೆಟ್ಟಿದೆ ಎಂದರ್ಥ, ತಾರೀಕು ಇನ್ನೂ ಇದ್ದರೂ ನುಂಗಬೇಡಿ.