ಮೋಟೊರೋಲಾ ರೇಜರ್ ವಿ3ಐ: ಶಿರಸಿಯ ಮಳೆಗಾಲದಲ್ಲಿ ಎರಡು ತಿಂಗಳು

ಅಣ್ಣ ಕಪಾಟಿನಲ್ಲಿ ಇಟ್ಟಿದ್ದ ಮೋಟೊರೋಲಾ ರೇಜರ್ ವಿ3ಐ ಫೋನಿಗೆ ಹೊಸ ಬ್ಯಾಟರಿ ಹಾಕಿಸಿ, ಶಿರಸಿಯಲ್ಲಿ ಎರಡು ತಿಂಗಳಿನಿಂದ ಬಳಸುತ್ತಿದ್ದೇನೆ. 2004ರ ಮೂಲ ವಿ3ಯ ಮೈಕಟ್ಟನ್ನೇ ಉಳಿಸಿಕೊಂಡ ಇದು ಮಡಚಿದಾಗ ಸುಮಾರು 14 ಮಿಲಿಮೀಟರ್ ದಪ್ಪವಿದ್ದು, ಅಂಗಿಯ ಜೇಬಿನಲ್ಲಿ ಇರುವುದೇ ತಿಳಿಯುವುದಿಲ್ಲ. ಲೋಹದ ಹಾಳೆಯಲ್ಲಿ ಕೊರೆದ ಚಪ್ಪಟೆ ಕೀಲಿಗಳು ನನಗೆ ಅತ್ಯಂತ ಮೆಚ್ಚುಗೆಯಾದವು. ಅಡಿಕೆ ತೋಟದಿಂದ ಬಂದು ತೇವದ ಬೆರಳಿನಲ್ಲೇ ಸಂಖ್ಯೆ ಒತ್ತಿದರೂ, ಟಚ್‌ಸ್ಕ್ರೀನ್‌ನಂತೆ ಅದು ಗೊಂದಲಗೊಳ್ಳುವುದಿಲ್ಲ. ಆದರೆ ಇದು ನೀರು ತಡೆಯುವ ಫೋನಲ್ಲ, ಮಳೆಯಲ್ಲಿ ಪ್ಲಾಸ್ಟಿಕ್ ಚೀಲ ಬೇಕೇ ಬೇಕು.

ಮೂಲ ವಿ3ಯಲ್ಲಿ ಇಲ್ಲದಿದ್ದ ಮೆಮೊರಿ ಕಾರ್ಡಿನ ಜಾಗ ಇದರಲ್ಲಿದೆ. ಹಾಗಾಗಿ ಯಕ್ಷಗಾನದ ಪದಗಳನ್ನು ಎಂಪಿ3 ರೂಪದಲ್ಲಿ ತುಂಬಿಸಿಕೊಂಡು ಕೇಳುತ್ತೇನೆ. ಚಾರ್ಜಿಂಗಿಗೂ ಇಯರ್‌ಫೋನಿಗೂ ಒಂದೇ ಮಿನಿ ಯುಎಸ್‌ಬಿ ಕಿಂಡಿ ಇರುವುದನ್ನು ಮಾತ್ರ ಗಮನಿಸಬೇಕು. 1.23 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಫ್ಲ್ಯಾಶ್ ಇಲ್ಲ. ಹಗಲಿನ ಚಿತ್ರಕ್ಕೆ ಸಾಕು, ರಾತ್ರಿಯ ಯಕ್ಷಗಾನದ ಆಟಕ್ಕೆ ಸಾಲದು.

ಇದು 2ಜಿ ಫೋನ್ ಆದ್ದರಿಂದ ಜಿಯೋ ಸಿಮ್ ನಡೆಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಊರಿನಲ್ಲಿ 2ಜಿ ಸಂಕೇತ ಸಿಗುತ್ತದೆಯೇ ಎಂದು ಪರೀಕ್ಷಿಸಿ, ಮಡಚುವ ಕೀಲು ಸಡಿಲವಾಗಿಲ್ಲವೆಂದು ನಾಲ್ಕಾರು ಸಲ ಮಡಚಿ ನೋಡಿರಿ.