‘ನಿಮ್ಮ ಕಾರಲ್ಲೇ ಹೋಗುತ್ತೆ ಮೇಡಂ’ ಅಂದ್ರೆ ನಂಬಬೇಡಿ

ಫರ್ನಿಚರ್ ಅಂಗಡಿಯವರು ಬಾಯಿಮಾತಲ್ಲಿ ‘ಡೆಲಿವರಿ ಫ್ರೀ’ ಅಂದ್ರೆ ನಂಬಬೇಡಿ. ‘ನಿಮ್ಮ ಕಾರಲ್ಲೇ ಹೋಗುತ್ತೆ’ ಅಂದ್ರಂತೂ ದುಡ್ಡು ಕೊಡೋಕೆ ಮುಂಚೆಯೇ ಎದ್ದು ಬನ್ನಿ. ಸಿಟ್ಟು ಇನ್ನೂ ಇಳಿದಿಲ್ಲ, ಹಿಂದೆಮುಂದೆ ಬರೆದಿದ್ರೆ ಸಹಿಸಿಕೊಳ್ಳಿ.

ತುಮಕೂರಲ್ಲಿರೋ ಅಮ್ಮನಿಗೆ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ತೇಗದ ಮಂಚ ನೋಡಿದ್ವಿ. ಆರೂವರೆ ಅಡಿ ಉದ್ದ, ಐದಡಿ ಅಗಲ. ಟೆಂಪೋ ಬಾಡಿಗೆ ಸೇರಿಸಿಯೇ ರೇಟು ಮುಗಿದಿತ್ತು. ದುಡ್ಡು ಯುಪಿಐನಲ್ಲಿ ಹೋಯ್ತು ನೋಡಿ, ಅಲ್ಲಿಂದ ರಾಗ ಬದಲು. ‘ಇವತ್ತು ಗಾಡಿ ಇಲ್ಲ ಮೇಡಂ. ಬಿಚ್ಚಿ ಕೊಡ್ತೀವಿ, ಆಲ್ಟೋ ಮೇಲೆ ಆರಾಮಾಗಿ ಹೋಗುತ್ತೆ. ದಿನಾ ಕಳಿಸ್ತೀವಿ.’ ದಿನಾ ಕಳಿಸ್ತಾರಂತೆ! ಆಲ್ಟೋ ಅಗಲವೇ ಐದಡಿಗೆ ತುಸು ಕಡಿಮೆ, ಮೇಲಿನ ಟಾಪ್ ಅದಕ್ಕಿಂತ ಕಿರಿದು.

ಹುಡುಗರು ಗೋಣಿಚೀಲ ಹಾಸಿ, ಪ್ಲೈವುಡ್ ಹಲಗೆ, ಅದರ ಮೇಲೆ ತಲೆದಿಕ್ಕಿನ ಹಲಗೆ ಮಲಗಿಸಿ, ಪ್ಲಾಸ್ಟಿಕ್ ಹಗ್ಗವನ್ನ ಬಾಗಿಲೊಳಗಿಂದ ಸುತ್ತಿ ಗಂಟು ಹಾಕಿದ್ರು. ಮುಂದೆ ಬಂಪರ್ ಕಡೆಗೆ ಒಂದೆಳೆ ಹಗ್ಗ ಇಲ್ಲ. ತಮ್ಮ ಕೇಳಿದ್ದಕ್ಕೆ ‘ಬೇಕಾಗಲ್ಲಣ್ಣ, ಬಂಡೆ ಥರ ಇದೆ’ ಅಂದ ಒಬ್ಬ ಹುಡುಗ.

ಸಿಟಿ ಟ್ರಾಫಿಕ್ಕಲ್ಲಿ ಅಲ್ಲಾಡಲಿಲ್ಲ. ನೆಲಮಂಗಲ ಟೋಲ್ ದಾಟಿ ಅರವತ್ತಕ್ಕೆ ಬಂದ್ವಿ, ತಲೆ ಮೇಲೆ ದಡಬಡ ಶುರು. ಗಾಡಿ ಪಕ್ಕಕ್ಕೆ ತೆಗೆಯೋಷ್ಟರಲ್ಲಿ ದಾಬಸ್‌ಪೇಟೆಗಿಂತ ಮೊದಲೇ ಮುಂದಿನ ತುದಿ ಎದ್ದು, ಹಲಗೆ ಹಾರಿ ರಸ್ತೆಗೆ ಬಿತ್ತು. ಹಿಂದೆ ಲಾರಿ. ಆ ಡ್ರೈವರಣ್ಣ ಬ್ರೇಕ್ ಹೊಡೆಯದಿದ್ರೆ... ಬೇಡ ಬಿಡಿ. ಅವರೇ ಇಳಿದು ಬಂದು ಹಲಗೆ ಎತ್ತಿಸಿಕೊಟ್ರು. ‘ಏನಮ್ಮ, ಗಾಳಿಪಟ ಕಟ್ಟಿಕೊಂಡು ಹೊರಟಿದ್ದೀರ?’ ಅಂದ್ರು. ಹೋಗೋ ಬೈಕುಗಳೆಲ್ಲ ನಿಂತು ನೋಡ್ತಿದ್ವು, ಒಬ್ಬ ವಿಡಿಯೋ ಬೇರೆ ಮಾಡ್ದ. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

ಅಲ್ಲೇ ನಿಂತು ಅಂಗಡಿ ನಂಬರಿಗಾಗಿ ಬಿಲ್ ತೆಗೆದೆ. ಕೆಳಗೆ ಸೀಲು: ‘ಸರಕು ಸುಸ್ಥಿತಿಯಲ್ಲಿ ತಲುಪಿದೆ. ಗ್ರಾಹಕರದೇ ಸಾಗಾಟ.’ ಅದರ ಮೇಲೆ ನನ್ನ ಸೈನು! ಹಗ್ಗ ಕಟ್ಟೋಕೂ ಮೊದಲು ‘ಗೇಟ್ ಪಾಸಿಗೆ ಮೇಡಂ’ ಅಂತ ಹಾಕಿಸಿಕೊಂಡಿದ್ದು ಇದನ್ನ. ಅಂದ್ರೆ ಟೆಂಪೋ ಇವತ್ತು ಇಲ್ಲ ಅನ್ನೋದಲ್ಲ, ಕಳಿಸೋ ಯೋಚನೆಯೇ ಇರಲಿಲ್ಲ. ಸೀಲು ಮೊದಲೇ ಮಾಡಿಸಿ ಇಟ್ಟುಕೊಂಡಿದ್ದಾರೆ ಕಣ್ರೀ, ಸೀಲು!

ಫೋನ್ ಮಾಡಿದ್ರೆ ಮೊದಲು ‘ಓನರ್ ಇಲ್ಲ’. ಆಮೇಲೆ ಓನರೇ: ‘ನಲವತ್ತು ದಾಟಬಾರದಿತ್ತು.’ ಹೈವೇಲಿ ತುಮಕೂರಿಗೆ ಅಂತ ಗೊತ್ತಿದ್ದೂ ಆಗ ಹೇಳಲಿಲ್ಲ ಯಾಕೆ? ‘ಇದುವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ.’ ಒಡೆದ ಹಲಗೆ, ತಗ್ಗುಬಿದ್ದ ಕಾರಿನ ಟಾಪ್, ಎರಡರ ಫೋಟೋನೂ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಮಾರನೇ ದಿನ: ‘ಪಾಲಿಶ್ ಮಾಡಿಕೊಡ್ತೀವಿ, ಇಲ್ಲಿಗೆ ತಂದುಕೊಡಿ.’ ಯಾವುದರಲ್ಲಿ ತರಲಿ ಸ್ವಾಮಿ?

ಮೆಕ್ಯಾನಿಕಲ್ ಓದಿರೋ ತಮ್ಮ ಹೇಳ್ದ, ವೇಗ ಎರಡು ಪಟ್ಟಾದ್ರೆ ಗಾಳಿ ಒತ್ತೋ ಬಲ ನಾಲ್ಕು ಪಟ್ಟು. ಅಗಲದ ಹಲಗೆ ಅಂದ್ರೆ ಅಡಿಗೆ ಗಾಳಿ ನುಗ್ಗಿ ಎತ್ತುತ್ತೆ, ಪ್ಲಾಸ್ಟಿಕ್ ಹಗ್ಗ ಹಿಗ್ಗಿ ಸಡಿಲ ಆಗುತ್ತೆ. ಚಿಕ್ಕ ಕಾರಿನ ಟಾಪ್ ತಡೆಯೋದು ಸಾಮಾನ್ಯವಾಗಿ 50 ಕೆ.ಜಿ ಆಸುಪಾಸು, ಅದೂ ಕ್ಯಾರಿಯರ್ ಇದ್ರೆ. ನಮ್ಮದರಲ್ಲಿ ಕ್ಯಾರಿಯರೇ ಇಲ್ಲ ಅನ್ನೋದು ಅವರಿಗೆ ಕಾಣ್ತಿತ್ತಲ್ಲ! ಇನ್ನು ಪೊಲೀಸರು ಹಿಡಿದಿದ್ರೆ? 2019ರ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿ ಹೊರಚಾಚಿದ ಲೋಡಿಗೆ 20,000 ರೂಪಾಯಿ ದಂಡ ಇದೆ. ಕಟ್ಟೋರು ನಾವು, ಅಂಗಡಿಯವರಲ್ಲ.

ಟಾಟಾ ಏಸ್ ಮಾಡಿಸಿ, ಬಾಡಿಗೆ ಉಳಿಸೋ ಆಸೆ ತೋರಿಸಿದ್ರೆ ಬೀಳಬೇಡಿ. ಡೆಲಿವರಿ ಅವರದು ಅಂತ ಬಿಲ್ಲಲ್ಲೇ ಬರೆಸಿ. ಸಾಮಾನು ಮನೆಯೊಳಗೆ ಇಳಿಯೋ ತನಕ ಪೂರ್ತಿ ದುಡ್ಡೂ ಬೇಡ, ಸೈನೂ ಬೇಡ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಅದಾದ ಮೇಲೆ ಅಂಗಡಿಯವರು ಫೋನ್ ಎತ್ತುತ್ತಾ ಇದ್ದಾರೆ, ಮೇಡಂ ಹೋಗಿ ‘ಮೇಡಮ್ಮೋರೆ’ ಆಗಿದೆ. ದುಡ್ಡು ಮಾತ್ರ ಇನ್ನೂ ಬಂದಿಲ್ಲ.